ಪೊಲೀಸಪ್ಪ ಥೂ ಥೂ ಅಂದ ಗಾಡಿ

ಹಳೇ ಪಿಕಪ್ ಗಾಡಿಗೆ ಹೊಸ ಇಂಜಿನ್ ಕೂರಿಸಿ, ನೆಲಕ್ಕೆ ತಾಗೋ ಹಾಗೆ ತಗ್ಗಿಸಿ, ನನ್ನ ಮಗ ಗುಡುಗೋ ಗಾಡಿ ಮಾಡಿದ್ದ. ಪೂಜೆ ಮಾಡಿಸೋಣ ಅಂತ ಬನಶಂಕರಿಗೆ ಹೊರಟರೆ ಸಿಗ್ನಲ್‌ನಲ್ಲಿ ಪೊಲೀಸಪ್ಪ ಅಡ್ಡ ಹಾಕಿದ. "ಅಮ್ಮ, ಇಂಜಿನ್ ಮಾತು ಎತ್ತಬೇಡ, ಬದಲಾಯಿಸೋಕೆ ಪರ್ಮಿಶನ್ ತಗೊಂಡಿಲ್ಲ, ಗಾಡಿ ಸೀಜ್ ಮಾಡ್ತಾರೆ," ಅಂತ ಮಗ ಪಿಸುಗುಟ್ಟಿದ.

ಪೊಲೀಸಪ್ಪ ಬಾನೆಟ್ ಸವರುತ್ತಾ ಒಂದು ಸುತ್ತು ಹಾಕಿದ. ಮಗ ಬೆವರಿ ನೀರಾದ. ನನಗೆ ತಡೆಯಲಾಗಲಿಲ್ಲ.

"ಹಂಗೆ ನೋಡಬೇಡಪ್ಪ, ದೃಷ್ಟಿಯಾಗುತ್ತೆ. ಥೂ ಥೂ ಅಂದ್ಬಿಡು."

ಅವನು ನಗುತ್ತಾ ಥೂ ಥೂ ಅಂದ. "ಈ ಡಬ್ಬಾ ಗಾಡಿಗೆ ಯಾರ ದೃಷ್ಟಿ ಬೀಳುತ್ತೆ ಅಜ್ಜಿ?"

ಡಬ್ಬಾ ಅಂದದ್ದು ನನಗೆ ಚುಚ್ಚಿತು. "ಮೈ ಹಳೇದು ಕಣಪ್ಪ, ಒಳಗೆ ಇಂಜಿನ್ ಹೊಚ್ಚಹೊಸದು," ಅಂದೆ.

ಗಾಡಿ ಠಾಣೆಗೆ ಹೋಯ್ತು, ನಾವು ಆಟೋದಲ್ಲಿ ಮನೆಗೆ ಬಂದ್ವಿ. ಮಗ ಇವತ್ತಿಗೂ ನನ್ನನ್ನೇ ಬೈತಾನೆ. ನಾನು ಹೇಳೋದು, ಆ ಪೊಲೀಸಪ್ಪ ಮನಸ್ಸಿಟ್ಟು ಥೂ ಅನ್ನಲಿಲ್ಲ.