ಮಂಚದ ಪಕ್ಕ ಆಡಿದ ಮಾತು

ನಮ್ಮ ಮನೆಯಿಂದ ವಕೀಲರು ಹುಟ್ಟುವುದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ಅಪ್ಪನ ಅಣ್ಣ, ಕೆರಗೋಡು ರಸ್ತೆ ಬದಿಯ ನಮ್ಮ ಆಲೆಮನೆಯ ಯಜಮಾನ. “ಎಸೆಲ್ಸಿ ದಾಟ್ದೋರು ಈ ಮನೇಲಿ ಒಬ್ರಿಲ್ಲ, ಇವಳು ಕರಿಕೋಟು ಹಾಕ್ತಾಳಂತೆ! ಬೆಲ್ಲ ಅಚ್ಚಿಗೆ ಉಯ್ಯದ್ ಕಲ್ತ್ಕೊ, ಸಾಕು” ಎಂದು ನಗುತ್ತಿದ್ದರು. ನಾನು ಮಂಡ್ಯದ ಬಸ್ಸಿನಲ್ಲಿ ನಿಂತೇ ಹೋಗಿ ಕಾನೂನು ಓದಿದೆ. ಅದರ ಬಗ್ಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ.

ಓದಿನ ಕೊನೆಯ ವರ್ಷದಲ್ಲಿ ಆ ಅವಘಡ ಆಯಿತು. ನಮ್ಮ ಕಡೆ ಆಲೆಮನೆಗೆ ಬಂದವರಿಗೆ ಯಾರೂ ಬೇಡ ಅನ್ನುವುದಿಲ್ಲ. ರಸ ಬೇಕಾದವರು ತಾವೇ ಗಾಣಕ್ಕೆ ಕಬ್ಬು ಕೊಟ್ಟು ಕುಡಿಯುತ್ತಾರೆ. ಪಕ್ಕದೂರಿನ ರೈತನೊಬ್ಬ ಹಾಗೇ ಬರುತ್ತಿದ್ದ.

“ಏನ್ಲಾ, ನಿನ್ ಕಬ್ಬಲ್ಲಿ ರಸ ಬತ್ತೋಗದಾ?” ಎಂದು ದೊಡ್ಡಪ್ಪ ರೇಗಿಸುತ್ತಿದ್ದರು.

“ಬಿಟ್ಟಿ ರಸದ್ ರುಚಿ ಬೇರೆ ಕಣಣ್ಣ.”

ಅಂದೂ ಇಬ್ಬರೂ ನಗುತ್ತಲೇ ಇದ್ದರು. ಕಬ್ಬಿನ ಜೊತೆ ಆ ರೈತನ ಕೈ ಗಾಣದ ಉರುಳೆಗಳ ನಡುವೆ ಹೋಯಿತು. ಮೋಟಾರು ನಿಲ್ಲಿಸಿದ ಮೇಲೆ ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ಸದ್ದೊಂದೇ ಕೇಳುತ್ತಿತ್ತು. ಬಲಗೈಯ ನಾಲ್ಕು ಬೆರಳು ಉಳಿಯಲಿಲ್ಲ.

ಮಾರನೆಯ ದಿನ ದೊಡ್ಡಪ್ಪ ಎಳನೀರು ಹಿಡಿದು ಆಸ್ಪತ್ರೆಗೆ ಹೋದರು. ಮಂಚದ ಪಕ್ಕ ನಿಂತು, ಎಲ್ಲರೆದುರು, “ತಪ್ಪೆಲ್ಲ ನಮ್ದೇ ಕಣಪ್ಪ” ಎಂದರು. ನಮ್ಮಲ್ಲಿ ಹಿರಿಯರು ಹಾಗೆ ಅನ್ನುವುದು ವಾಡಿಕೆ. ಮಲಗಿದವನೂ ವಾಡಿಕೆಯಂತೆ, “ಬುಡಣ್ಣ, ನಾನೇ ನೋಡ್ದಲೆ ಕೈ ಕೊಟ್ಟೆ” ಎಂದ. ಅಲ್ಲಿಗೆ ಮುಗಿಯಿತು ಎಂದುಕೊಂಡು ಬಂದರು.

ಕೆಲವು ತಿಂಗಳಿಗೆ ಸಮನ್ಸ್ ಬಂತು. ಅವನು ಹೂಡಿದ ನಷ್ಟ ಪರಿಹಾರದ ದಾವೆ. ಓದಿ ಹೇಳಿದವಳು ನಾನೇ. ದೊಡ್ಡಪ್ಪ ಮಂಚದ ಪಕ್ಕ ಆಡಿದ ಮಾತು ತಪ್ಪೊಪ್ಪಿಗೆಯಾಗಿ ಅಚ್ಚಾಗಿತ್ತು. ಅವನು ಕೊಟ್ಟ ಉತ್ತರ ಎಲ್ಲೂ ಇರಲಿಲ್ಲ. ಕೇಳಿದ್ದ ಮೊತ್ತಕ್ಕೆ ಆಲೆಮನೆ ಮಾರಿದರೂ ಸಾಲುತ್ತಿರಲಿಲ್ಲ.

ನಮ್ಮ ವಕೀಲರು ಕಡತ ಮಡಚಿ, “ಕೇಸು ಮುಗಿಯೋವರೆಗೂ ಆ ಮನೆ ಕಡೆ ತಲೆ ಹಾಕಬೇಡಿ, ಯಜಮಾನ್ರೆ. ಬಾಯಿ ಬಿಟ್ಟರೆ ಇನ್ನೊಂದು ಸಾಕ್ಷಿ” ಎಂದರು.

“ಕೈ ಹೆಂಗದೆ ಅಂತಲೂ ಕೇಳಂಗಿಲ್ವಾ ಸ್ವಾಮಿ?”

“ಕೇಳಬೇಡಿ.”

ಅದೇ ದಿನಗಳಲ್ಲಿ ಕಾಲೇಜಿನಲ್ಲಿ ಚರ್ಚೆಯಿಟ್ಟರು: ಪರಿಹಾರದ ಮೊತ್ತಕ್ಕೆ ಕಾನೂನು ಮಿತಿ ಹಾಕಬೇಕೇ? ಹಾಕಬೇಕು, ಇಲ್ಲದಿದ್ದರೆ ಸಣ್ಣ ಉದ್ಯಮ ಉಳಿಯುವುದಿಲ್ಲ ಎಂದು ವಾದಿಸಿದೆ. ಸಹಪಾಠಿಯೊಬ್ಬಳು, “ಒಂದು ಕೈಗೆ ಎಷ್ಟಪ್ಪ ಮಿತಿ?” ಎಂದಳು. ಅವಳಿಗೆ ನಮ್ಮ ವಿಷಯ ಗೊತ್ತಿರಲಿಲ್ಲ.

ಈಗ ನನಗನ್ನಿಸುವುದು ಬೇರೆ. ಬೈಕು ಗುದ್ದಿದರೆ ವಿಮೆ ಇದೆ, ಲೆಕ್ಕ ಹಾಕಲು ಒಂದು ಸೂತ್ರ ಇದೆ. ಗಾಣಕ್ಕೆ ಸಿಕ್ಕ ಕೈಗೆ ಎರಡೂ ಇಲ್ಲ. ಕೈ ಹೋದವನು ವರ್ಷಗಟ್ಟಲೆ ಕಾಯಬೇಕು, ಗಾಣದವನು ವರ್ಷಗಟ್ಟಲೆ ಹೆದರಬೇಕು. ಬದಲಾಗಬೇಕಾದದ್ದು ಇದು.

“ಇಂತಿಷ್ಟು ಅಂತ ಗೊತ್ತಾಗಿದ್ರೆ ಗದ್ದೆ ಮಾರಾದ್ರೂ ಕೊಟ್ಟು ನೆಮ್ದಿಯಾಗಿ ಮನೀಕತಿದ್ದೆ ಕಣವ್ವ. ಎಷ್ಟು ಅಂತ್ಲೇ ಗೊತ್ತಿಲ್ವಲ್ಲ” ಅನ್ನುತ್ತಿದ್ದರು ದೊಡ್ಡಪ್ಪ. ಬಾಗಿಲಲ್ಲಿ ಬೈಕು ನಿಂತರೆ ಕೋರ್ಟಿನವರೇನೋ ಎಂದು ಒಳಗೆ ಎದ್ದು ಹೋಗುತ್ತಿದ್ದರು.

ಸುದ್ದಿ ಹರಡಿತು. ಮದ್ದೂರು ಕಡೆಯ ಆಲೆಮನೆಗಳಲ್ಲೂ ಗಾಣದ ಸುತ್ತ ತಂತಿ ಬಂತು, ‘ಒಳಗೆ ಪ್ರವೇಶವಿಲ್ಲ’ ಎಂಬ ಬೋರ್ಡು ಬಂತು. ತಂತಿ ಒಳ್ಳೆಯದೇ, ಕೈ ಉಳಿಯುತ್ತದೆ. ಆದರೆ ಜನ ದಾರಿಯಲ್ಲಿ ಸಿಕ್ಕರೂ ಅಳೆದು ಮಾತಾಡತೊಡಗಿದರು. ಕಬ್ಬು ಕಟಾವಿಗೆ ಬಂದಾಗ ದೊಡ್ಡಪ್ಪ ಆಲೆಮನೆಯ ಒಲೆ ಹಚ್ಚಲಿಲ್ಲ. ಕಬ್ಬನ್ನು ಫ್ಯಾಕ್ಟರಿಗೆ ಸಾಗಿಸಿದರು. ದಾವೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು, ಈಗಲೂ ಹೋಗುತ್ತಿದೆ.

ಪದವಿ ಪ್ರಮಾಣಪತ್ರ ಕೈಗೆ ಬಂದ ದಿನ ಸೀದಾ ಆಲೆಮನೆಗೆ ಹೋದೆ. ದೊಡ್ಡಪ್ಪ ತಣ್ಣಗಿದ್ದ ಒಲೆಯ ಪಕ್ಕ ಒಬ್ಬರೇ ಕೂತಿದ್ದರು. ಅವರ ಕೈಗೆ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ಈಸಿಕೊಂಡರು, ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದ್ರಲ್ಲಿ,” ಎಂದರು, “ನಾನು ಅವನ ಕೈ ನೋಡಕೆ ಮನೆತಕೆ ಓಗ್ಬೌದು ಅಂತ ಎಲ್ಲಾರ ಬರ್ದದಾ, ನೋಡವ್ವ.”