ಟೈಲರಜ್ಜನ ಬ್ರೆಡ್ಡು

ಬೆರಳು ಮರಗಟ್ಟಿ ಟೈಲರಜ್ಜ ಅಂಗಡಿ ಮುಚ್ಚಿದಾಗ, ದಿನಾ ರಬ್ಬರ್ ಚೆಂಡು ಹಿಸುಕಿ ಎಂದರು ಡಾಕ್ಟರು. ಮೂಗಿನ ತುದಿಯಲ್ಲೇ ಕೋಪವಿರುವ ಮನುಷ್ಯ, ಎರಡೇ ದಿನಕ್ಕೆ ಚೆಂಡನ್ನು ಕಿಟಕಿಯಾಚೆ ಎಸೆದ. ಸೊಸೆ ಜಾಣೆ. ಬ್ರೆಡ್ಡಿನ ಹಿಟ್ಟು ಕಲಸಿ ಮುಂದಿಟ್ಟಳು.

"ಮಾವ, ಇದನ್ನ ಹಿಸುಕಿ. ಎಸೆದ್ರೆ ತಿಂಡಿ ಇಲ್ಲ ಅಷ್ಟೇ."

ಮೊದಲ ಬ್ರೆಡ್ಡು ಇಟ್ಟಿಗೆಯಾಯಿತು. "ಸುತ್ತಿಗೆ ತರ್ಲಾ?" ಎಂದಳು ಹೆಂಡತಿ. ಅಜ್ಜ ಹಟಕ್ಕೆ ಬಿದ್ದ. ಹಿಟ್ಟನ್ನು ನಾದಿ ನಾದಿ ರೇಷ್ಮೆಯಂತೆ ನುಣುಪು ಮಾಡಿದ. ಬಟ್ಟಲಿಗೆ ತನ್ನ ಹಳೇ ಕೋಟು ಹೊದಿಸಿ ಬೆಚ್ಚಗಿಟ್ಟ. ಉಬ್ಬಿದ ಹಿಟ್ಟಿನ ಮೇಲೆ ಗಳಿಗೆಗೊಮ್ಮೆ ಟೇಪು ಹಾಯಿಸಿ ಅಳೆಯುವುದು ಅವನ ಪದ್ಧತಿಯೇ ಆಯಿತು. ಹದಿನಾರು ಇಂಚು ಮುಟ್ಟಿದರೇ ಓವನ್ನಿಗೆ. ಆಮೇಲೆ ಆ ಘಮಕ್ಕೆ ನೆರೆಹೊರೆಯವರೆಲ್ಲ ಮೆಟ್ಟಿಲಲ್ಲೇ ನಿಂತುಬಿಡುತ್ತಿದ್ದರು.

ಒಂದು ಬೆಳಿಗ್ಗೆ ಹಿಟ್ಟು ಮುಚ್ಚುವ ಆ ಕೋಟಿನ ಹರುಕು ಹೊಲಿಯಲು ಅಜ್ಜ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದ. ಅದನ್ನು ಕಂಡ ಹೆಂಡತಿ ಒಳಗೆ ಹೋಗಿ ತನ್ನ ಸ್ವೆಟರು ತಂದಳು.

"ಗುಂಡಿ ಬಿದ್ದು ಎರಡು ವರ್ಷ ಆಯ್ತು. ಬೇರೆ ಟೈಲರ್ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲ."

ಅಜ್ಜ ಬಟ್ಟಲಿನತ್ತ ತಿರುಗಿ ಹಿಟ್ಟಿನ ಮೇಲೆ ಟೇಪು ಹಾಯಿಸಿದ. ಹದಿನಾಲ್ಕು ಇಂಚು.

"ಎರಡು ವರ್ಷ ಕಾದೋಳು ಇನ್ನೆರಡು ಇಂಚು ಕಾಯಲ್ವೇನೆ?"