ಕೆಂಪು ಬಡಿಗೆ ನನ್ನ ಕೈಯಲ್ಲಿತ್ತು

ನಿಂಗಪ್ಪ, ಆ ದಿನ ಕೆರೆ ಏರಿಯ ಮೇಲೆ ತಪ್ಪು ಮಾಡಿದವನು ನೀನಲ್ಲ, ನಾನು. ಕೈತಪ್ಪಿ ಆದದ್ದಲ್ಲ — ಗೊತ್ತಿದ್ದೇ ಮಾಡಿದೆ. ಹನ್ನೆರಡು ವರ್ಷ ಹೆಂಡತಿಯ ಮುಂದೆಯೂ ಬಾಯಿ ಬಿಟ್ಟಿಲ್ಲ. ನಿನಗೆ ಅಕ್ಷರ ಬರುವುದಿಲ್ಲ, ಈ ಕಾಗದವನ್ನು ನಿನ್ನ ಮಗಳೇ ಓದಿ ಹೇಳುತ್ತಾಳೆ. ಓದಲಿ. ಅವಳಿಗೂ ಗೊತ್ತಾಗಬೇಕು.

ಹಾನಗಲ್ಲಿನಲ್ಲಿ ಕೆರೆದಂಡೆ ಹೊಸದಾಗುತ್ತಿದ್ದ ವರ್ಷವನ್ನು ನೀನು ಮರೆತಿರಲಾರೆ. ಮೋಟಾರು ಸ್ಟ್ಯಾಂಡನ್ನು ಪೇಟೆಯಿಂದ ಕಿತ್ತು ಕೆರೆಯ ಬದಿಗೆ ತಂದರು. ಅದರ ಬೆನ್ನಿಗೆ ಹೊಸ ಅಂಗಡಿಸಾಲು ಎದ್ದಿತು. ಏರಿಯ ಮೇಲಿನ ರಸ್ತೆಯನ್ನು ಅಗಲ ಮಾಡುತ್ತೇವೆಂದು ಅರ್ಧ ಅಗೆದು ಜಲ್ಲಿಕಡಿ ಸುರಿದರು. ಉಳಿದ ಅರ್ಧದಲ್ಲಿ ಒಂದು ಚಕ್ಕಡಿ ಹೋದರೆ ಎದುರಿನದಕ್ಕೆ ಜಾಗವಿಲ್ಲ. ಒಂದು ಬದಿ ನೀರು, ಇನ್ನೊಂದು ಬದಿ ಕಡಿಯ ರಾಶಿ. ಭತ್ತದ ಚಕ್ಕಡಿಗಳು, ಟಾಂಗಾಗಳು, ಶಿಗ್ಗಾಂವದಿಂದ ಬರುವ ಬಸ್ಸು — ಎಲ್ಲವೂ ಅಲ್ಲೇ ತೂರಬೇಕು. ಗಾಡಿಗಳನ್ನು ತಡೆದು ಸರದಿಯ ಮೇಲೆ ಬಿಡಲು ನನ್ನನ್ನು ಪೇಟೆಯ ತುದಿಗೆ ನಿಲ್ಲಿಸಿದರು, ನಿನ್ನನ್ನು ಆಚೆಯ ತುದಿಗೆ. ನಡುವೆ ಏರಿ ಬಾಗಿದ್ದರಿಂದ ನಾವು ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

ಮೊದಲ ವಾರ ನಾನು ಸೀಟಿ ಊದಿ ಊದಿ ಸೋತೆ. ದಿನಕ್ಕೆ ನಾಲ್ಕು ಸಲ ಗಾಡಿಗಳು ನಟ್ಟನಡುವೆ ಮುಖಾಮುಖಿಯಾಗಿ ನಿಲ್ಲುತ್ತಿದ್ದವು. ಆಗ ನೀನು ಒಂದು ಬಡಿಗೆಗೆ ಕೆಂಪು ಬಣ್ಣ ಬಳಿದು ತಂದೆ. ಇಬ್ಬರಿಗೂ ಸೇರಿ ಒಂದೇ ಬಡಿಗೆ. ಅದು ಯಾರ ಕೈಯಲ್ಲಿದೆಯೋ ಅವನು ತನ್ನ ಕಡೆಯ ಗಾಡಿಗಳನ್ನು ಬಿಡಬೇಕು. ಸಾಲಿನ ಕೊನೆಯ ಚಕ್ಕಡಿಯವನಿಗೆ ಬಡಿಗೆ ಕೊಡಬೇಕು. ಅವನು ಅದನ್ನು ಆಚೆ ತುದಿಗೆ ಮುಟ್ಟಿಸಿದ ಮೇಲೆಯೇ ಅಲ್ಲಿನ ಸಾಲು ಹೊರಡಬೇಕು. ಅಷ್ಟೇ. ಇಷ್ಟು ಸರಳವಾದದ್ದು ನಾಲ್ಕನೇ ಇಯತ್ತೆ ಪಾಸಾದ ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ?

ಹೊಟ್ಟೆಕಿಚ್ಚು ಅಲ್ಲಿಂದ ಶುರುವಾಯಿತು. ಅದಕ್ಕೆ ಬೇರೆ ಹೆಸರು ಕೊಡಲಾರೆ. ನಿನ್ನ ತುದಿಯಲ್ಲಿ ಎಷ್ಟು ಹೊತ್ತು ಕಾದರೂ ಚಕ್ಕಡಿಯವರು ಬೇಸರಪಡುತ್ತಿರಲಿಲ್ಲ. ಬುತ್ತಿ ಬಿಚ್ಚಿ ನಿನಗೂ ಒಂದು ರೊಟ್ಟಿ ಕೊಡುತ್ತಿದ್ದರು. ನನ್ನ ತುದಿಯಲ್ಲಿ ನನಗೆ ಬೈಗುಳವೇ ಬುತ್ತಿ. ಬಸ್ಸಿನ ಡ್ರೈವರ್ ನಿನಗೆ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದನಂತೆ. ನನ್ನ ಮುಂದೆ ಹಾರ್ನ್ ಬಾರಿಸಿ ಹೋಗುತ್ತಿದ್ದ. ಒಂದು ದಿನ ಗಂಗವ್ವ ರೊಟ್ಟಿ ಬಡಿಯುತ್ತಲೇ, "ನಿಂಗಪ್ಪಣ್ಣನ ತಲಿ ಅಂದ್ರ ತಲಿ ನೋಡ್ರಿ," ಅಂದಳು. ನನ್ನ ಹೆಂಡತಿ, ನನ್ನ ಒಲೆಯ ಮುಂದೆ ಕೂತು — ಅಂದು ನನಗೆ ಊಟ ಸೇರಲಿಲ್ಲ.

ರಸ್ತೆ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬನನ್ನು ಸ್ಟ್ಯಾಂಡಿನ ಉಸ್ತುವಾರಿಗೆ ಮುಕಾದಮನಾಗಿ ಕಾಯಂ ಮಾಡುತ್ತೇನೆಂದು ರಸ್ತೆ ಕೆಲಸದ ಓವರ್‌ಸಿಯರ್ ಸಾಹೇಬರು ಹೇಳಿದರು. ಹೇಳುವಾಗ ನನ್ನ ಕಡೆ ನೋಡಲೇ ಇಲ್ಲ. ನೀನೇ ಎಂದು ನನಗೆ ಆಗಲೇ ಗೊತ್ತಾಯಿತು.

ಅಂದು ಸಂತೆ. ಮಧ್ಯಾಹ್ನ ನನ್ನ ಸಾಲು ಮುಗಿದು, ಕೊನೆಯ ಚಕ್ಕಡಿಯವನಿಗೆ ಬಡಿಗೆ ಕೊಟ್ಟೆ. ಹಿರೇಕೆರೂರಿನ ಕಡೆಯವನು, ಗುರುತಿಲ್ಲದವನು. ಅವನು ಬಾಗಿನಲ್ಲಿ ಮರೆಯಾದ ಎಷ್ಟೋ ಹೊತ್ತಿನ ಮೇಲೆ ಇನ್ನೂ ಮೂರು ಚಕ್ಕಡಿ ಬಂದು ನಿಂತವು. ತಡೆಯಬೇಕಿತ್ತು. ಬಡಿಗೆ ನಿನ್ನ ಕೈ ಸೇರಿರುತ್ತದೆ, ನನ್ನನ್ನು ನಂಬಿ ನೀನು ನಿನ್ನ ಸಾಲನ್ನು ಬಿಟ್ಟಿರುತ್ತೀ — ಎಲ್ಲ ಗೊತ್ತಿತ್ತು. ಒಂದಿಷ್ಟು ಗದ್ದಲವಾಗಲಿ, ನಿನ್ನ ಬಡಿಗೆಗೆ ಬಂದ ಹೆಸರು ಒಂದು ದಿನ ಕೆಡಲಿ, ಅಷ್ಟನ್ನೇ ಬಯಸಿದ್ದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದಾದರೂ ನಿಜವೋ, ಅದೂ... "ಹೋಗ್ರಿ, ಹೋಗ್ರಿ," ಎಂದು ಮೂವರನ್ನೂ ಬಿಟ್ಟೆ.

ನಿನ್ನ ಸಾಲಿನ ಮುಂದೆ ಬಸ್ಸಿತ್ತು. ಬಾಗಿನಲ್ಲಿ ಅದರ ಹಾರ್ನಿಗೆ ಬೆದರಿ ಮುಂದಿನ ಜೋಡೆತ್ತು ಹಿಂದೆ ಸರಿಯಿತು, ಭತ್ತ ತುಂಬಿದ ಚಕ್ಕಡಿ ಕೆರೆಗೆ ಜಾರಿತು. ನಾನು ಓಡಿ ಬರುವಷ್ಟರಲ್ಲಿ ನೀನು ಬಡಿಗೆಯನ್ನು ಏರಿಯ ಮೇಲೆ ಒಗೆದು, ಎದೆಮಟ್ಟದ ನೀರಿಗಿಳಿದು ನೊಗದ ಹಗ್ಗ ಬಿಚ್ಚುತ್ತಿದ್ದೆ. ಒಂದು ಎತ್ತನ್ನು ಉಳಿಸಿದೆ, ಇನ್ನೊಂದು ಮುಳುಗಿತು. ಅದರ ಒಡೆಯ, ಹತ್ತಿಮತ್ತೂರಿನ ಮುದುಕ, ಕೆಸರಿನಲ್ಲಿ ಕುಳಿತು ಎತ್ತಿನ ಹೆಸರು ಹಿಡಿದು ಕರೆಯುತ್ತಲೇ ಇದ್ದ. ನನ್ನ ಕಾಲಬುಡದಲ್ಲಿ ಬಡಿಗೆ ಬಿದ್ದಿತ್ತು. ಎತ್ತಿಕೊಂಡೆ. ಯಾರಾದರೂ ತುಳಿದಾರೆಂದು — ಇಲ್ಲ, ಈ ಮಾತು ಬೇಡ.

ಸಾಹೇಬರು ಬಂದವರೇ ಕೇಳಿದರು: "ಬಡಿಗಿ ಎಲ್ಲೈತಿ?"

"ನನ್ನ ಕೈಯಾಗ ಐತ್ರಿ ಸಾಹೇಬ್ರ," ಎಂದೆ.

ಒಂದಕ್ಷರ ಸುಳ್ಳಿರಲಿಲ್ಲ ಅದರಲ್ಲಿ. ಬಡಿಗೆ ಬರುವ ಮೊದಲೇ ನೀನು ಸಾಲು ಬಿಟ್ಟೆ ಎಂದು ಅವರು ತಾವೇ ತಿಳಿದುಕೊಂಡರು. ಬಡಿಗೆ ಒಯ್ದ ಹಿರೇಕೆರೂರಿನವನು ಆಗಲೇ ತನ್ನ ದಾರಿ ಹಿಡಿದಿದ್ದ. ನಿನ್ನ ತುದಿಯ ಇಬ್ಬರು ಚಕ್ಕಡಿಯವರು ಬಡಿಗೆ ಬಂದದ್ದನ್ನು ಕಂಡಿದ್ದೇವೆ ಎಂದರೆ, ರೊಟ್ಟಿ ಹಂಚಿಕೊಂಡು ತಿನ್ನುವವರ ಸಾಕ್ಷಿ ಬೇಡ ಎಂದುಬಿಟ್ಟರು. ನೀನು ನೀರಿನಲ್ಲಿ ನಿಂತೇ ನನ್ನನ್ನು ನೋಡಿದೆ. "ಫಕೀರಪ್ಪ, ಖರೇ ಹೇಳಪಾ," ಎಂದೆ. ಅಷ್ಟನ್ನೇ ಕೇಳಿದೆ. ನಾನು ಬಡಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

ನಿನ್ನನ್ನು ಅಂದೇ ಕೆಲಸದಿಂದ ತೆಗೆದರು. ನೀನು ಹೆಂಡತಿ ಮಗಳನ್ನು ಕಟ್ಟಿಕೊಂಡು ರಟ್ಟೀಹಳ್ಳಿಗೆ ಹೋದೆ. ನಾನು ಮುಕಾದಮನಾದೆ. ಹಾನಗಲ್ಲಿನವರ ಬಾಯಲ್ಲಿ ನೀನು 'ಎತ್ತು ಮುಳುಗಿಸಿದ ನಿಂಗ್ಯಾ' ಆಗಿ ಉಳಿದೆ. ಆ ಹೆಸರು ಕೇಳಿದಾಗಲೆಲ್ಲ ನಾನು ಬಾಯಿ ಮುಚ್ಚಿಕೊಂಡಿದ್ದೆ. ಮೊದಮೊದಲು ನಕ್ಕದ್ದೂ ಉಂಟು.

ಹೋದ ತಿಂಗಳು ರಟ್ಟೀಹಳ್ಳಿ ಬಸ್ಸಿನಿಂದ ನಿನ್ನ ಮಗಳು ಇಳಿದಳು. ಚಹಾದಂಗಡಿಯವನು ನಿನ್ನದೇ ಮುಖದ ಹೋಲಿಕೆ ಕಂಡು ಗುರುತು ಹಿಡಿದು, "ಎತ್ತು ಮುಳುಗಿಸಿದ ನಿಂಗ್ಯಾನ ಮಗಳಲ್ಲೇನು?" ಎಂದ. ನಾಲ್ಕು ಮಂದಿ ನಕ್ಕರು. ಅವಳು ತಲೆ ತಗ್ಗಿಸಲಿಲ್ಲ. "ನಮ್ಮಪ್ಪ ಹಂಗ ಮಾಡಾವಲ್ರೀ," ಎಂದಳು. ಆಮೇಲೆ ನನ್ನ ಹತ್ತಿರ ಬಂದು, ನಾನು ಯಾರೆಂದು ತಿಳಿಯದೆ, "ಕಾಕಾ, ವಾಪಸ್ ಬಸ್ಸು ಎಷ್ಟೊತ್ತಿಗೆ ಐತ್ರಿ?" ಎಂದು ಕೇಳಿದಳು.

ಆಗ ನನಗೆ ಏನಾಯಿತು ಗೊತ್ತೇ, ನಿಂಗಪ್ಪ? ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಅದೇ ಹಳೆಯ ಉರಿ. ಕಣ್ಣಾರೆ ಏನೂ ಕಾಣದೆ ಅಪ್ಪನನ್ನು ಇಷ್ಟು ನಂಬುವ ಮಗಳು ನಿನಗೆ! ನನ್ನ ಮಕ್ಕಳು ನನ್ನನ್ನು ಹಾಗೆ ನಂಬಿದರೆ, ಅದು ಸುಳ್ಳನ್ನು ನಂಬಿದಂತೆ. ನಿನ್ನದೆಲ್ಲ ಕಿತ್ತುಕೊಂಡೆ ಎಂದುಕೊಂಡಿದ್ದೆ. ದೊಡ್ಡದು ನಿನ್ನ ಬಳಿಯೇ ಉಳಿದಿತ್ತು.

ಬರುವ ಸಂತೆಗೆ, ಚಕ್ಕಡಿಗಳೆಲ್ಲ ಸೇರಿದ ಹೊತ್ತಿಗೆ, ಅದೇ ಚಹಾದಂಗಡಿಯ ಮುಂದೆ ನಿಂತು ಇದನ್ನೆಲ್ಲ ಗಟ್ಟಿಯಾಗಿ ಹೇಳುತ್ತೇನೆ. ಹತ್ತಿಮತ್ತೂರಿಗೆ ಹೋಗಿ ಆ ಮುದುಕನ ಮನೆಯವರ ಮುಂದೆಯೂ ಹೇಳುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ. ಗಂಗವ್ವನಿಗೆ ಇವತ್ತೇ ಹೇಳಬೇಕು. ಅದೇ ಎಲ್ಲಕ್ಕಿಂತ ಕಷ್ಟ.

ಬಣ್ಣ ಉದುರಿದ ಆ ಬಡಿಗೆ ಇನ್ನೂ ನನ್ನ ಬಳಿ ಇದೆ. ಅದನ್ನು ಈ ಕಾಗದದ ಜೊತೆ ರಟ್ಟೀಹಳ್ಳಿ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಕ್ಷಮಿಸು ಎನ್ನುವುದಿಲ್ಲ, ಉತ್ತರ ಬರೆಸು ಎಂದೂ ಕೇಳುವುದಿಲ್ಲ. ಅಂದು ಬಡಿಗೆ ಕಳಿಸಿ ಅದರ ಹಿಂದೆ ಮೂರು ಚಕ್ಕಡಿ ಬಿಟ್ಟಿದ್ದೆ; ಈ ಸಲ ಬಡಿಗೆಯ ಹಿಂದೆ ನಾನು ಏನನ್ನೂ ಬಿಡುವುದಿಲ್ಲ.